ಅಮ್ಮನನ್ನು ಸಿನಿಮಾಕ್ಕೆ ಕೊಟ್ಟವಳು

ವಿನೆಲ್ ಟ್ಯಾಡ್ಲಾಕ್ ಶಾಲೆಯ ಅಡುಗೆಮನೆಯಲ್ಲಿ ದುಡಿದೇ ತಲೆ ನರೆಸಿಕೊಂಡವಳು. ಮಿಸಿಸಿಪ್ಪಿಯ ಆ ಸಣ್ಣ ಊರಿನಲ್ಲಿ ಅವಳ ಕೈಯಡುಗೆ ಉಣ್ಣದೆ ದೊಡ್ಡವರಾದವರೇ ಕಡಿಮೆ. ಹಾಗಂತ ಯಾರೂ ಅವಳನ್ನು ಕೂರಿಸಿಕೊಂಡು ಏನನ್ನೂ ಕೇಳಿದವರಲ್ಲ. ಅದಕ್ಕೇ, ಸಿನಿಮಾದವರು ಬಂದು, ಹೆಸರಾಂತ ನಟಿಯೊಬ್ಬಳು ಅವಳ ಮನೆಯ ಸ್ಟೂಲಿನ ಮೇಲೆ ಕೂತು, "ಈ ಕಡೆಯ ತಾಯಂದಿರು ಹೇಗೆ ಬಡಿಸ್ತಾರೆ, ಸ್ವಲ್ಪ ತೋರಿಸಿಕೊಡಿ" ಎಂದಾಗ ಬೆಣ್ಣೆಯ ಹಾಗೆ ಕರಗಿಹೋದಳು.

ತೋರಿಸಲು ಅವಳಿಗೆ ಗೊತ್ತಿದ್ದದ್ದು ಒಬ್ಬಳೇ ತಾಯಿ. ತೀರಿಹೋದ ಅಮ್ಮ ಬಡಿಸುವ ಮುನ್ನ ಏಪ್ರನ್ನಿನ ಅಂಚಿನಿಂದ ತಟ್ಟೆಯ ಸುತ್ತ ಒರೆಸುತ್ತಿದ್ದ ರೀತಿ, ತಲೆ ಓರೆ ಮಾಡಿ "ತಿನ್ನು ಬಂಗಾರ, ನಾಚ್ಕೋಬೇಡ" ಎನ್ನುತ್ತಿದ್ದ ದನಿ, ಎಲ್ಲವನ್ನೂ ಕೊಟ್ಟಳು. ಆ ತಾಯಿ ಕಥೆಯಲ್ಲಿ ಏನು ಮಾಡುತ್ತಾಳೆಂದು ಮಾತ್ರ ಕೇಳಲಿಲ್ಲ. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ನಟಿಯ ಹೊಗಳಿಕೆ ನಿಂತೀತೆಂದು ನುಂಗಿಕೊಂಡಳು.

ಆ ತಾಯಿ ಹತ್ತಿಹೊಲದ ಆಸೆಗೆ ಗಂಡನಿಗೆ ವಿಷವಿಕ್ಕುತ್ತಾಳೆ. ಸಿನಿಮಾ ಅಷ್ಟಕ್ಕಷ್ಟೆ. ನೋಡುವವರಿಗೆಲ್ಲ ಅರ್ಧಕ್ಕೇ ತಿಳಿದದ್ದು ಕಥೆಯ ಪೊಲೀಸ್ ಅಧಿಕಾರಿ ಶೆರಿಫ್‌ಗೆ ಕೊನೆಯವರೆಗೂ ತಿಳಿಯುವುದಿಲ್ಲ. ಸತ್ತನೆಂದುಕೊಂಡ ಮಗ ಏಕೆಂದು ಹೇಳದೆ ಬಂದು ನಿಲ್ಲುತ್ತಾನೆ. ಆದರೆ ಆ ನಟಿ! ತೆರೆಯ ಮೇಲೆ ಅಮ್ಮನೇ ತಟ್ಟೆ ಒರೆಸಿ ವಿಷ ಬಡಿಸಿದಳು. ನಟಿ ತುಸು ಕೆಟ್ಟದಾಗಿ ನಟಿಸಬಾರದಿತ್ತೇ ಎಂದು ವಿನೆಲ್ ಕೂತಲ್ಲೇ ಕೈ ಹಿಸುಕಿಕೊಂಡಳು. ಪಕ್ಕದಲ್ಲಿದ್ದ ಅಕ್ಕ ಅರ್ಲೀನ್ ಎದ್ದು ಹೋದಳು.

ಹಿಂದೆ ಅವರ ಅಪ್ಪನೂ ಊಟದ ಮೇಜಿನಲ್ಲೇ ಎದೆ ಹಿಡಿದುಕೊಂಡು ಸತ್ತಿದ್ದ. ಅಮ್ಮನೇ ಏನೋ ಬೆರೆಸಿದಳೆಂದು ಊರು ಆಗ ಗುಸುಗುಸು ಆಡಿತ್ತು. ಅಮ್ಮ ತಲೆಯೆತ್ತಿಕೊಂಡೇ ಚರ್ಚಿಗೆ ಹೋಗಿಹೋಗಿ ಆ ಬಾಯಿಗಳನ್ನು ಮುಚ್ಚಿಸಿದ್ದಳು. ಈಗ ಅವನ್ನು ತೆರೆಸಿದವಳು ಮಗಳು.

ಫೋನ್ ಮಾಡಿದರೆ ಅರ್ಲೀನ್ ಅಂದದ್ದಿಷ್ಟೇ: "ಚೆನ್ನಾಗಿ ಪಾಠ ಮಾಡಿದ್ದೀಯ ಕಣೇ. ಒಂದೂ ಮರೆತಿಲ್ಲ."

ಊರು ಬಿಟ್ಟವರೆಲ್ಲ ವರ್ಷಕ್ಕೊಮ್ಮೆ ಚರ್ಚಿಗೆ ಮರಳಿ ಒಟ್ಟಿಗೆ ಉಣ್ಣುವ ಭಾನುವಾರ ಬಂತು. ಓಕ್ ಮರದಡಿ ಉದ್ದನೆಯ ಮೇಜುಗಳು. ಕರಿದ ಕೋಳಿ, ಬೀನ್ಸು, ಪೀಚ್ ಹಣ್ಣಿನ ಸಿಹಿ. ಏನೂ ತಾರದೆ ಹೋದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ತಂದರೆ ಸೊಕ್ಕು ಅಂದುಕೊಂಡಾರು. ಬೆಳಗಿಂದ ಒದ್ದಾಡಿ, ಕೊನೆಗೆ ವಿನೆಲ್ ಅಮ್ಮನ ಗಾಜಿನ ತಟ್ಟೆಯನ್ನೇ ತಂದಳು. ಬೇಯಿಸಿದ ಮೊಟ್ಟೆಯ ಹೋಳು ಕೂರಲೆಂದೇ ಗುಳಿಗಳಿದ್ದ ತಟ್ಟೆ. ಸಾಸಿವೆ ಬೆರೆಸಿದ ಹಳದಿ ತುಂಬಿ, ಮೇಲೆ ಕೆಂಪು ಪುಡಿ ಉದುರಿಸಿದ, ಅಮ್ಮನ ರೀತಿಯ ಮೊಟ್ಟೆಗಳು. ಪ್ರತಿವರ್ಷ ಮೊದಲು ಖಾಲಿಯಾಗುತ್ತಿದ್ದವು.

ಈ ಸಲ ಒಂದು ಗುಳಿಯೂ ಬರಿದಾಗಲಿಲ್ಲ.

ಹಾರ್ಡ್‌ವೇರ್ ಅಂಗಡಿಯ ಬ್ಯೂಫರ್ಡ್ ನಕ್ಕ. "ವಿನೆಲ್ ತಾಯೀ, ಮೊದಲು ನೀನೊಂದು ತಿನ್ನು. ಅರ್ಧ ಗಂಟೆ ನೋಡ್ತೀವಿ, ಆಮೇಲೆ ನಮ್ಮ ಸರದಿ!"

ಮೇಜಿಗೆ ಮೇಜೇ ನಕ್ಕಿತು. ನಗದೆ ಇದ್ದರೆ ಇನ್ನೂ ಕೆಟ್ಟದಾಗಿ ಕಂಡೀತೆಂದು ವಿನೆಲ್ಲಳೂ ನಗಲು ನೋಡಿದಳು.

ಆಚೆ ತುದಿಯಿಂದ ಅರ್ಲೀನ್ ಎದ್ದು ಬಂದಳು. ಒಂದು ಹೋಳನ್ನು ಇಡಿಯಾಗಿ ಬಾಯಿಗಿಟ್ಟು, ಬ್ಯೂಫರ್ಡನ ಮುಖ ನೋಡುತ್ತಲೇ ಅಗಿದಳು. ಇನ್ನೊಂದು ತಿಂದಳು, ಮತ್ತೊಂದು. ನಗು ನಿಂತಿತು.

"ನಿಮ್ಮಪ್ಪ ಹಾಸಿಗೆ ಹಿಡಿದಾಗ ಇದೇ ತಟ್ಟೆ ನಿಮ್ಮನೆಗೆ ಬಂದಿತ್ತು, ಬ್ಯೂಫರ್ಡ್. ಆಗ ನಿನಗೆ ಅರ್ಧ ಗಂಟೆ ಬೇಕಾಗಿರಲಿಲ್ಲ."

ಅವನು ಕಿವಿ ಕೆಂಪಗೆ ಮಾಡಿಕೊಂಡು ಕೈ ಚಾಚಿದ. ಅವನ ಹಿಂದೆ ಉಳಿದವರು. ತಟ್ಟೆ ಖಾಲಿಯಾಯಿತು.

"ಅಕ್ಕಾ," ಎಂದಳು ವಿನೆಲ್.

ಅರ್ಲೀನ್ ಅವಳತ್ತ ನೋಡಲಿಲ್ಲ. ಲಂಗದ ಅಂಚಿನಿಂದ ತಟ್ಟೆಯ ಸುತ್ತ ಒರೆಸಿದಳು, ಥೇಟ್ ಅಮ್ಮನ ಹಾಗೆ, ಕಂಕುಳಿಗೆ ಸೇರಿಸಿಕೊಂಡಳು.

"ಇನ್ಮೇಲೆ ಇದು ನಮ್ಮನೇಲಿರತ್ತೆ. ನಿನ್ನ ಹತ್ರ ಇದ್ರೆ ಇದನ್ನೂ ಯಾರಿಗಾದ್ರೂ ಕೊಟ್ಟುಬಿಡ್ತೀಯ."

ವಿನೆಲ್ ಹೂಂ ಎಂದು ತಲೆಯಾಡಿಸಿದಳು.