ಹಲ್ಲಿನ ಮೇಷ್ಟ್ರು ಕಡ ಕೊಟ್ಟ ನಗು

ಆ ಓಣಿಯಲ್ಲಿ ಅವರನ್ನು ಎಲ್ಲರೂ ಹಲ್ಲಿನ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಪಾಠ ಹೇಳಿದವರಲ್ಲ, ಬೆತ್ತ ಹಿಡಿದವರಲ್ಲ. ಹಲ್ಲಿನ ಸೆಟ್ಟು ಕಟ್ಟುವುದು ಅವರ ಕೆಲಸ. ಆದರೆ ಅವರೆದುರು ಕೂತವರು, ಎಂಥ ಬಾಯಿಬಡುಕರೇ ಇರಲಿ, ಬಾಯಿ ತೆರೆದುಕೊಂಡು ಹೇಳಿದ್ದಕ್ಕೆಲ್ಲ ತಲೆಯಾಡಿಸಲೇಬೇಕಲ್ಲ, ಹಾಗಾಗಿ ಮೇಷ್ಟ್ರು.

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ಕೋಣೆ ಅವರದು. ಒಂದು ಮೇಜು, ಒಂದು ಉರಿಯುವ ಸ್ಪಿರಿಟ್ ದೀಪ, ಮೇಣ, ಮೂರು ಗೋಡೆಗೂ ಹಲಗೆ. ಹಲಗೆಗಳ ತುಂಬ ಅಳತೆಗೆ ತೆಗೆದ ಪ್ಲಾಸ್ಟರಿನ ಬಾಯಿಗಳು. ಊರಿನ ಅರ್ಧ ಜನ ಅಲ್ಲಿದ್ದರು ಅನ್ನಿ, ಕಣ್ಣಿಲ್ಲದೆ, ತುಟಿಯಿಲ್ಲದೆ, ಬರೀ ಹಲ್ಲಾಗಿ. ಸತ್ತವರದೂ ಇತ್ತು. ಹೊಸಬರು ಒಳಗೆ ಬಂದರೆ ಒಂದು ಗಳಿಗೆ ಬಾಗಿಲಲ್ಲೇ ನಿಲ್ಲುತ್ತಿದ್ದರು.

ಮೇಷ್ಟ್ರಿಗೆ ಇದ್ದದ್ದು ಒಂದೇ ಹುಚ್ಚು, ರಕ್ತಪಿಶಾಚಿಯ ಸಿನಿಮಾ. ಕಪ್ಪು ಬಿಳುಪಿನದೋ, ಬಣ್ಣದ್ದೋ, ಭಾಷೆ ತಿಳಿಯದ್ದೋ, ಬಂದ ಒಂದನ್ನೂ ಬಿಟ್ಟವರಲ್ಲ. ಡಾಕ್ಟರಮ್ಮ ಕೆಣಕುತ್ತಿದ್ದರು: "ದಿನಾ ಇಷ್ಟು ಹಲ್ಲು ನೋಡ್ತೀರ, ಸಾಕಾಗಲ್ವಾ ಮೇಷ್ಟ್ರೇ? ದುಡ್ಡು ಕೊಟ್ಟು ಬೇರೆ ನೋಡ್ಬೇಕಾ?"

"ಇಲ್ಲಿ ನೋಡೋವು ಮುದ್ದೆ ಅಗಿಯೋಕೂ ಹೆದರ್ತವೆ ಡಾಕ್ಟ್ರೇ. ಅಲ್ಲಿನವಕ್ಕಾದ್ರೂ ಒಂದು ಗುರಿ ಇದೆ."

ಯಾವುದು ಒಳ್ಳೆಯ ಪಿಶಾಚಿ ಸಿನಿಮಾ ಅಂತ ಕೇಳಿದರೆ ಮೇಷ್ಟ್ರು ಕೆಲಸ ಬದಿಗಿಟ್ಟು ಕೂರುತ್ತಿದ್ದರು. ರಕ್ತ ಸುರಿಸಿದರೆ ಆಗಲಿಲ್ಲ, ಬಾವಲಿ ಹಾರಿಸಿದರೆ ಆಗಲಿಲ್ಲ. ಅವರ ಮೆಚ್ಚಿನದೊಂದರಲ್ಲಿ ಪಕ್ಕದ ಮನೆಯ ಅಜ್ಜಿಯೇ ಪಿಶಾಚಿ; ಇಡೀ ಸಿನಿಮಾದಲ್ಲಿ ತುಟಿ ಬಿಚ್ಚುವುದಿಲ್ಲ, ಕೊನೆಗೆ ಮಗುವಿನ ತೊಟ್ಟಿಲ ಹತ್ತಿರ ಕೂತು ಒಂದೇ ಒಂದು ಸಲ ಆಕಳಿಸುತ್ತಾಳೆ. ಅಷ್ಟೇ. ಇನ್ನೊಂದರಲ್ಲಿ ಕೋರೆಹಲ್ಲು ಉದುರಿಹೋದ ಮುದಿ ಪಿಶಾಚಿ ಹಸಿವಿಗೆ ಅಳುತ್ತಾನೆ, ನೋಡುವವರೇ ಕತ್ತು ಕೊಡೋಣ ಅನ್ನುವಷ್ಟು ಪಾಪ ಅನ್ನಿಸುತ್ತಾನೆ. "ಹಲ್ಲು ಯಾರದ್ದೋ ಆಗಿರ್ಬೇಕು," ಅನ್ನುತ್ತಿದ್ದರು ಮೇಷ್ಟ್ರು. "ಅಂಗಡೀಲಿ ಕೊಂಡು ತಂದು ಸಿಕ್ಕಿಸಿದ ಹಾಗಿರಬಾರ್ದು. ಅರೆ, ಈ ಬಾಯಿ ಎಲ್ಲೋ ನೋಡಿದ್ದೀನಲ್ಲ ಅನ್ಸಿದ್ರೆ ಮಾತ್ರ ಬೆನ್ನಲ್ಲಿ ನೀರಿಳಿಯತ್ತೆ."

ಮೇಷ್ಟ್ರ ಹೆಂಡತಿ ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಹೆಂಡತಿಯ ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಏರಿ ಕೂತಿತ್ತು. ಆ ನಾಚಿಕೆಗೆ ಕ್ಯಾಮೆರಾ ಕಂಡರೆ ತುಟಿ ಬಿಗಿದುಬಿಡುತ್ತಿದ್ದಳು. ಮನೆಯಲ್ಲಿದ್ದ ಏಳು ಫೋಟೊಗಳಲ್ಲಿ ಏಳರಲ್ಲೂ ಬಾಯಿ ಮುಚ್ಚಿದೆ. ಉಳಿದದ್ದು ಮದುವೆಯಾದ ಹೊಸದರಲ್ಲಿ ಮೇಷ್ಟ್ರು ತಮಾಷೆಗೆ ತೆಗೆದಿಟ್ಟ ಪ್ಲಾಸ್ಟರಿನ ಅಚ್ಚು ಮಾತ್ರ. ಮಗಳು ಚಿಕ್ಕವಳಿದ್ದಾಗ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೇಳುತ್ತಿದ್ದಳು, "ಅಮ್ಮ ನಕ್ರೆ ಹೆಂಗಿರ್ತಿದ್ಳು ಅಪ್ಪ?" ಮೇಷ್ಟ್ರು ತಮ್ಮ ತುಟಿಯನ್ನು ಆಚೆಗೆಳೆದು ಈಚೆಗೆಳೆದು ತೋರಿಸಲು ನೋಡುತ್ತಿದ್ದರು. "ಅದು ನೀನು," ಅಂದು ಮಗಳು ಅಚ್ಚನ್ನು ಹಲಗೆಗಿಡುತ್ತಿದ್ದಳು. ಬೆಳೆದು ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೂ ಆ ಪ್ರಶ್ನೆ ಹೋಗಿರಲಿಲ್ಲ. ಬಾಯಲ್ಲಿ ಕೇಳುವುದು ನಿಂತಿತ್ತು, ಅಷ್ಟೆ.

ಹೀಗಿರುವಾಗ ಒಂದು ಬೆಳಿಗ್ಗೆ ಸಿನಿಮಾದ ಮೇಕಪ್ಪಿನವನು ಒಬ್ಬ ನಟಿಯ ಹಲ್ಲಿನ ಅಚ್ಚು ಹಿಡಿದುಕೊಂಡು ಬಂದ. ಅವಳು ಪಿಶಾಚಿಯ ಪಾತ್ರ ಮಾಡುತ್ತಿದ್ದಾಳಂತೆ, ಹಲ್ಲಿನ ಮೇಲೆ ತೊಡುವ ಹಲ್ಲು ಬೇಕಂತೆ.

"ಉದ್ದ ಇರ್ಲಿ ಮೇಷ್ಟ್ರೇ. ಹಿಂದಿನ ಸೀಟಿನವ್ರಿಗೂ ಕಾಣ್ಬೇಕು."

"ಅಷ್ಟು ಉದ್ದ ಬೇಕಾದ್ರೆ ಆನೇನೇ ಕರ್ಕೊಂಡ್ ಹೋಗಪ್ಪ. ನಂಗೆ ಬಿಡು, ನಾನು ಮಾಡಿಕೊಡ್ತೀನಿ."

ಅವನು ಹೋದ ಮೇಲೆ ಮೇಷ್ಟ್ರು ಆ ಅಚ್ಚನ್ನು ತಿರುಗಿಸಿ ನೋಡಿದರು. ದವಡೆಯ ಬಾಗು, ಹಲ್ಲಿನ ಅಗಲ ಎಲ್ಲ ಹೆಂಡತಿಯದಕ್ಕೆ ಕೂದಲೆಳೆಯಷ್ಟು ಹತ್ತಿರ. ಕೈ ತಾನಾಗಿ ಹಲಗೆಯ ಕಡೆ ಹೋಯಿತು. ಮೂರು ದಿನ ಎರಡು ಅಚ್ಚುಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಮೇಣ ಕೊರೆದರು. ಆ ಏರಿ ಕೂತ ಹಲ್ಲು ಹಾಗೇ ಬಂತು. ಕೋರೆಹಲ್ಲನ್ನು ಮಾತ್ರ ಒಂದು ಅಕ್ಕಿಕಾಳಿನಷ್ಟು ಉದ್ದ ಮಾಡಿದರು. ಪ್ಲಾಸ್ಟರಿಗೆ ತುಟಿ ಬರುವುದಿಲ್ಲ. ಜೀವಂತ ಹೆಂಗಸಿನ ತುಟಿ ಇದರ ಮೇಲೆ ಒಂದು ಸಲ ಬಿಚ್ಚಿದರೆ ಮಗಳು ನೋಡಿಯಾಳಲ್ಲ, ಅಷ್ಟೇ ಅವರ ಆಸೆ.

ಸಿನಿಮಾ ಬಂತು. ತಂದೆ ಮಗಳು ಮಧ್ಯಾಹ್ನದ ಆಟಕ್ಕೆ ಹೋದರು. ಮುಕ್ಕಾಲು ಗಂಟೆ ಆ ಹೆಂಗಸು ಬಾಯಿ ಬಿಡಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಮೆಟ್ಟಿಲು ಇಳಿದಳು, ಕಿಟಕಿಯಲ್ಲಿ ನಿಂತಳು. ಆಮೇಲೆ, ಮಲಗಿದವನೊಬ್ಬನ ಮೇಲೆ ಬಾಗಿ, ನಕ್ಕಳು. ಥಿಯೇಟರಿನಲ್ಲಿ ಯಾರೋ ಉಸಿರೆಳೆದುಕೊಂಡರು. ಮೇಷ್ಟ್ರು ಮಗಳ ಕಡೆ ತಿರುಗಿದರು.

"ಅಪ್ಪ," ಅಂದಳು ಮಗಳು, ಪರದೆಯಿಂದ ಕಣ್ಣು ಕೀಳದೆ. "ಇದು ಅಮ್ಮಂದು."

"ಹೂಂ."

ಅವಳು ಸೀಟಿನ ತುದಿಗೆ ಬಂದು ಕೂತಳು. ಎಲ್ಲರೂ ಹಿಂದೆ ಸರಿದಾಗ ಅವಳೊಬ್ಬಳು ಮುಂದೆ ಬಾಗಿದಳು.

ಮರುದಿನ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಮತ್ತೆ ಹೋದಳು. ಅದರ ಮರುದಿನವೂ. ಮೇಷ್ಟ್ರು ಮೊದಮೊದಲು ಹಿಗ್ಗಿದರು. ಒಂಬತ್ತನೆಯ ಸಲದ ಹೊತ್ತಿಗೆ ಅವಳ ಕಣ್ಣಿನ ಕೆಳಗೆ ಕಪ್ಪು ಬಂದಿತ್ತು, ತಟ್ಟೆಯ ಊಟ ತಟ್ಟೆಯಲ್ಲೇ ಉಳಿಯುತ್ತಿತ್ತು. ಗಿರಾಕಿಗಳಿಗೆ ಹಿಡಿಯುವ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು ತುಟಿ ಎಳೆದು ನೋಡಿಕೊಳ್ಳುತ್ತಾಳೆ ಅಂತ ಅಂಗಡಿಯ ಯಜಮಾನ ಹೇಳಿ ಕಳಿಸಿದ.

ಒಂದು ಸಂಜೆ ಬಟ್ಟೆ ಮಡಚುತ್ತ ಅವಳು ಅಂದಳು, "ಅಮ್ಮ ಮೆಟ್ಟಿಲಿಳಿಯೋವಾಗ ಕೈ ಹಿಂದೆ ಕಟ್ಕೋತಿದ್ಳು ಅಲ್ವಾಪ್ಪ?"

ಹೌದು ಅನ್ನಲು ಬಾಯಿ ತೆರೆದ ಮೇಷ್ಟ್ರು ಅಲ್ಲೇ ನಿಂತರು. ಅದು ನಟಿಯ ನಡಿಗೆ. ಹಾಗಾದರೆ ಹೆಂಡತಿ ಹೇಗೆ ಇಳಿಯುತ್ತಿದ್ದಳು? ನೆನೆದುಕೊಂಡರು. ಕೈ ಹಿಂದೆ ಕಟ್ಟಿದ ಹೆಂಗಸೇ ಬಂದಳು. ಸೂಜಿಗೆ ದಾರ ಪೋಣಿಸುತ್ತಿದ್ದದ್ದು ನೆನೆದರು. ದಾರದ ತುದಿಯನ್ನು ಕಚ್ಚಿ ಕತ್ತರಿಸುವಾಗ ಅಕ್ಕಿಕಾಳಿನಷ್ಟು ಉದ್ದದ ಕೋರೆಹಲ್ಲು ಹೊಳೆಯಿತು. ಇಪ್ಪತ್ತು ವರ್ಷ ಜೋಪಾನ ಮಾಡಿದ್ದನ್ನು ಯಾರೋ ಗುಟುಕು ಗುಟುಕಾಗಿ ಕುಡಿದು ಹೋಗಿದ್ದರು. ಮಗಳಿಗಂತೂ ಮೊದಲೇ ಏನೂ ಇರಲಿಲ್ಲ. ಅವಳು ಆ ಪಿಶಾಚಿಗೆ ತನ್ನನ್ನೇ ಕುಡಿಸುತ್ತಿದ್ದಳು. ಆದರೂ ಮೇಷ್ಟ್ರು "ಹೂಂ" ಅಂದರು, ಆಮೇಲೆ ಅವಳು ಕೇಳಿದ ಉಳಿದದ್ದಕ್ಕೂ.

ಆ ಭಾನುವಾರ ಅವಳೇ ಹಿಂದಿನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತಳು.

"ನಂಗೂ ಅಮ್ಮನ ಹಲ್ಲು ಮಾಡಿಕೊಡಪ್ಪ. ಹಾಕ್ಕೊಳ್ಳೋಕೆ."

"ಹುಚ್ಚಾ ನಿಂಗೆ?"

"ಯಾವಳೋ ಹಾಕ್ಕೋಬಹುದು, ನಾನು ಹಾಕ್ಕೋಬಾರ್ದಾ?"

ಮೇಷ್ಟ್ರು ಬಟ್ಟಲು ಈಚೆ ತೆಗೆದರು. ಅಳತೆ ತೆಗೆಯುವ ಪುಡಿಗೆ ನೀರು ಹಾಕಿ ಕಲಸಿದರು, ದವಡೆಯಾಕಾರದ ಟ್ರೇ ತುಂಬಿದರು, ಅವಳ ಮೇಲ್ದವಡೆಗೆ ಒತ್ತಿ ಹಿಡಿದರು. ಅದು ಗಟ್ಟಿಯಾಗಲು ಮೂರು ನಿಮಿಷ ಬೇಕು. ಆ ಮೂರು ನಿಮಿಷ ಬಾಯಿ ಅವಳದಲ್ಲ.

"ಕೇಳು," ಅಂದರು ಮೇಷ್ಟ್ರು, ಬೆರಳು ಸಡಿಲಿಸದೆ. "ನೀನು ಕೇಳಿದಾಗೆಲ್ಲ ಹೂಂ ಅಂದೆ. ಸುಳ್ಳು. ನಿಮ್ಮಮ್ಮ ಹೆಂಗೆ ನಡೀತಿದ್ಳು ನಂಗೀಗ ಗೊತ್ತಿಲ್ಲ. ಹೆಂಗೆ ನಗ್ತಿದ್ಳು ಗೊತ್ತಿಲ್ಲ. ನೆನೆಸಿಕೊಂಡ್ರೆ ಅವಳೇ ಬರ್ತಾಳೆ, ಸಿನಿಮಾದವಳು. ನಿಂಗೆ ತೋರಿಸಕ್ಕೆ ಹೋಗಿ ನಾನೇ ಕಳ್ಕೊಂಡೆ. ಇನ್ನು ನೀನೂ ಅದನ್ನ ತೊಟ್ಕೊಂಡು ಎದುರಿಗೆ ಬಂದ್ರೆ, ನಿನ್ ಮುಖಾನೂ ಹೋಗ್ಬಿಡತ್ತೆ. ಆಮೇಲೆ ನಂಗೆ ಯಾರೂ ಉಳಿಯಲ್ಲ."

ಮಗಳ ಕಣ್ಣು ಅವರ ಕಣ್ಣಲ್ಲೇ ನೆಟ್ಟಿತ್ತು. 

ಟ್ರೇ ಈಚೆ ತೆಗೆದರು. ಅದರ ಗುಳಿಗಳಲ್ಲಿ ಅವಳ ಹಲ್ಲು ಸಾಲಾಗಿ, ನೇರವಾಗಿ ಮೂಡಿತ್ತು. ಅಮ್ಮನದು ಒಂದೂ ಇರಲಿಲ್ಲ. ಇಂಥ ಅಳತೆಗೆ ಹೆಚ್ಚೆಂದರೆ ಅರ್ಧ ಗಂಟೆಯೊಳಗೆ ಪ್ಲಾಸ್ಟರ್ ಸುರಿಯಬೇಕು. ತಡವಾದರೆ ಒಣಗಿ, ಸುಕ್ಕುಗಟ್ಟಿ, ಯಾರ ಬಾಯಿಗೂ ಆಗದ ಹಾಗಾಗುತ್ತದೆ. ಅವಳಿಗೂ ಅದು ಗೊತ್ತು, ಆ ಕೋಣೆಯಲ್ಲೇ ಬೆಳೆದವಳು.

ಮೇಷ್ಟ್ರು ಟ್ರೇಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟು ಕೈ ತೊಳೆದುಕೊಂಡರು. ಅವಳೂ ಬಾಯಿ ಮುಕ್ಕಳಿಸಿದಳು. ಇಬ್ಬರೂ ಕೂತರು. ಗೋಡೆಯ ತುಂಬ ಬಾಯಿಗಳು.

"ಪ್ಲಾಸ್ಟರ್ ಹಾಕಲ್ವಾ ಅಪ್ಪ?" ಅಂದಳು, ಸುಮಾರು ಹೊತ್ತಿನ ಮೇಲೆ.

"ಹಾಕ್ತೀನಿ," ಅಂದರು. ಏಳಲಿಲ್ಲ.

ಅವಳು ಕಿಟಕಿಯ ಕಡೆ ನೋಡಿದಳು. ಅಳತೆಯ ಅಂಚು ಆಗಲೇ ಟ್ರೇಯಿಂದ ಬಿಟ್ಟುಕೊಂಡು ಮೇಲೇಳುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವಳ ತುಟಿ ಒಂದು ಬದಿಗೆ ಸ್ವಲ್ಪವೇ ಸರಿಯಿತು. ಮೇಷ್ಟ್ರು ಮುಂದೆ ಬಾಗಿ ನೋಡಿದರು. ಊರಿನ ಅರ್ಧ ಬಾಯಿಗಳನ್ನು ಕತ್ತಲಲ್ಲೂ ಗುರುತಿಸಬಲ್ಲ ಅವರಿಗೆ ಆ ನಗು ಯಾರದೆಂದು ಗುರುತು ಹತ್ತಲಿಲ್ಲ. ಸಿನಿಮಾದವಳದಂತೂ ಅಲ್ಲ; ಅಂಥದನ್ನು ಅವರು ಅಲ್ಲಿಯವರೆಗೆ ಎಲ್ಲೂ ಕಂಡಿರಲಿಲ್ಲ.