ಒಂಬತ್ತನೇ ಪೆಟ್ಟಿಗೆ ಯಾರದು

ಅಕ್ಷರ ಕೋಳಿ ಕಾಲಿನಂತಿದೆ, ಪದಗಳೂ ಕಡಿಮೆ. ಶಾಲೆ ಅರ್ಧಕ್ಕೆ ಬಿಟ್ಟ ಕೈ ಇದು, ಓದುವವರು ಮನ್ನಿಸಬೇಕು. ಚಿಕ್ಕಮ್ಮನನ್ನು ಮೂರು ಸಲ ಕೇಳಿಯೇ ಬರೆದದ್ದು.

ಚಿಕ್ಕಮ್ಮ ಬಸ್ ಡಿಪೋದ ಸರ್ವರ್‌ಗಳನ್ನು ನೋಡಿಕೊಳ್ಳುವವಳು. ಉಗ್ರಾಣದ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಒಂಬತ್ತು ಪೆಟ್ಟಿಗೆಗಳು ಹಗಲಿರುಳು ಗುಂಯ್ ಎನ್ನುತ್ತವೆ. ಅವುಗಳ ಆಪರೇಟಿಂಗ್ ಸಿಸ್ಟಮ್‌ಗೆ ಅದನ್ನು ಮಾಡಿದ ಕಂಪನಿಯ ಬೆಂಬಲ ಬರುವ ತಿಂಗಳ ಕೊನೆಗೆ ನಿಲ್ಲುತ್ತದೆ. ಆಮೇಲೆ ಹೊಸ ಬಿರುಕು ಕಂಡರೂ ಮುಚ್ಚುವವರಿಲ್ಲ. ಒಂದರಲ್ಲಿ ನುಸುಳಿದ ಕಳ್ಳ ಉಳಿದೆಲ್ಲಕ್ಕೂ ಕೈ ಹಾಕಬಹುದು. ಎರಡು ವರ್ಷದಿಂದ ಇದನ್ನೇ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಕಚೇರಿಯವರು ಅವಳಿಗೆ ಗಡುವಮ್ಮ ಎಂದು ಹೆಸರಿಟ್ಟರೇ ಹೊರತು ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೇಗೋ ಎಂಟನ್ನು ಬದಲಾಯಿಸಿದಳು. ಒಂಬತ್ತನೆಯದು ಯಾರದೆಂದೇ ತಿಳಿಯಲಿಲ್ಲ. ಅದನ್ನು ನಿಲ್ಲಿಸಿ ಹೊಸದಕ್ಕೆ ಸಾಗಿಸಲು ಬಳಸುವ ವಿಭಾಗದವರ ಸಹಿ ಬೇಕು. ಕಾಗದ ಹಿಡಿದು ಆರು ವಿಭಾಗ ಅಲೆದಳು. ಆರೂ ಕಡೆ ‘ನಮ್ಮದಲ್ಲ’ ಎಂದು ಬರೆದು ಸಹಿ ಹಾಕಿಕೊಟ್ಟರು. ಆ ಸಹಿಗೆ ಮಾತ್ರ ಯಾರೂ ಮೀನಮೇಷ ಎಣಿಸಲಿಲ್ಲ.

ಕೊನೆಗೆ, ಎಲ್ಲರಿಗೂ ಮೊದಲೇ ತಿಳಿಸಿ, ಮಂಗಳವಾರ ಹನ್ನೊಂದಕ್ಕೆ ಅದರ ಕೇಬಲ್ ಕಿತ್ತಳು. ಯಾರಿಗೆ ತೊಂದರೆಯಾಗುತ್ತದೋ ಅವರೇ ಬರಲಿ ಎಂದು ಬಾಗಿಲ ಬಳಿ ಕುರ್ಚಿ ಹಾಕಿ ಕೂತಳು. ಊಟದ ಹೊತ್ತು ಕಳೆದರೂ ಯಾರ ಸುಳಿವಿಲ್ಲ. ಪಾಳಿ ಬದಲಾಗುವಾಗ ಡ್ಯೂಟಿ ಗುಮಾಸ್ತ ಬಂದ, ಬೆನ್ನಿಗೆ ಹತ್ತಾರು ಚಾಲಕರು. ಯಾವ ಬಸ್ಸು ಯಾರಿಗೆ ಎಂಬ ಚಾರ್ಟ್ ಪರದೆಗೆ ಬಂದಿರಲಿಲ್ಲ.

"ಗಡುವಮ್ಮ, ನಿಮ್ಮ ಕೈ ಸುಮ್ನಿರೋದೇ ಇಲ್ವಾ?" ಎಂದ ಗುಮಾಸ್ತ.

ಚಿಕ್ಕಮ್ಮ ಮೊದಲು ಕೇಬಲ್ ಸಿಕ್ಕಿಸಿದಳು. ಆಮೇಲೆ ‘ನಮ್ಮದಲ್ಲ’ ಎಂದು ಅವನೇ ಹಾಕಿದ್ದ ಸಹಿಯನ್ನು ಅವನ ಮುಂದೆ ಹಿಡಿದಳು.

"ಚಾರ್ಟ್ ನಮ್ದು ಮೇಡಂ. ಪೆಟ್ಟಿಗೆ ನಮ್ದಲ್ಲ."

"ಮತ್ತೆ ಚಾರ್ಟ್ ಎಲ್ಲಿರುತ್ತೆ ಅಂದ್ಕೊಂಡಿದ್ದೆ ಮಾರಾಯ, ನಿನ್ನ ಜೇಬಲ್ಲಾ?" ಎಂದು ಹಿರಿಯ ಚಾಲಕನೊಬ್ಬ ಕಿಚಾಯಿಸಿದ.

ಗುಮಾಸ್ತ ನಗಲೂ ಇಲ್ಲ, ಒಪ್ಪಿಗೆಯ ಸಹಿ ಹಾಕಲೂ ಇಲ್ಲ. ಹಾಕಿದರೆ ಚಾರ್ಟ್ ಕೆಟ್ಟ ದಿನ ಇವರೆಲ್ಲ ತನ್ನ ತಲೆ ತಿನ್ನುತ್ತಾರೆ ಎಂದು ಜಾರಿಕೊಂಡ. ಮ್ಯಾನೇಜರ್ ಬಳಿ ಹೋದರೆ, ಓಡುತ್ತಿರುವುದನ್ನು ಯಾಕೆ ಮುಟ್ಟುತ್ತೀರಿ ಎಂದು ಕಾಗದ ಹಿಂದಕ್ಕೆ ತಳ್ಳಿದರು.

ಚಿಕ್ಕಮ್ಮನಿಗೆ ಅಳು ಬರುವಷ್ಟು ಸಿಟ್ಟು ಬಂತು. ಮೆಟ್ಟಿಲ ಮೇಲೆ ಕೂತು ಪೆನ್ನು ತೆಗೆದಳು. ಆಮೇಲೆ ವಿಭಾಗದವರ ಸಹಿಯ ಜಾಗದಲ್ಲಿ ತನ್ನ ಹೆಸರನ್ನೇ ಬರೆದು ಸಹಿ ಮಾಡಿದಳು. ಹೊಣೆ ಹೊರುವವರು ಸಿಕ್ಕರಲ್ಲ ಎಂದು ಮ್ಯಾನೇಜರ್ ಕೂಡಲೇ ಮೊಹರು ಒತ್ತಿದರು. ಇನ್ನು ಚಾರ್ಟ್ ಕೆಟ್ಟರೆ ಬೈಗುಳವೆಲ್ಲ ಅವಳಿಗೇ.

ಭಾನುವಾರ ಬಸ್ಸುಗಳು ಕಡಿಮೆ. ಬರುವ ಭಾನುವಾರ ಬೆಳಿಗ್ಗೆ ಐದಕ್ಕೆ ಹೋಗಿ, ದಿನದ ಚಾರ್ಟನ್ನು ಕಾಗದದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ, ಒಂಬತ್ತನೆಯದನ್ನು ನಿಲ್ಲಿಸಿ ಹೊಸದಕ್ಕೆ ಸಾಗಿಸುತ್ತಾಳೆ.