ಯಲಹಂಕದ ಸಮಾಧಿಗೆ ಒಂದು ಬಕೆಟ್ ಸುಣ್ಣ

ಎಂಬತ್ತೆರಡನೇ ಇಸವಿ, ಈಸ್ಟರಿನ ಹಿಂದಿನ ಶನಿವಾರ ಬೆಳಿಗ್ಗೆ ಯಶವಂತಪುರದಲ್ಲಿ ಹೆಬ್ಬಾಳದ ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಬಕೆಟ್ ಸುಣ್ಣ, ಅದರ ಬಾಯಿಗೆ ಹಳೇ ಸೀರೆ ತುಂಡು ಬಿಗಿದಿದ್ದೆ. ಹೊರಡುವಾಗ ನಮ್ಮ ಯಜಮಾನರು, "ಅವನ ಪಾಡಿಗೆ ಅವನನ್ನ ಬಿಟ್ಬಿಡೇ" ಎಂದರು. ಬಿಡುವವಳಲ್ಲ ನಾನು.

ಅವನು ಎಂದರೆ ನನ್ನ ತಮ್ಮ ಜಯಶೀಲ. ಯಲಹಂಕದ ನಮ್ಮ ಪುಟ್ಟ ಸಭೆಯಲ್ಲಿ ಹತ್ತು ವರ್ಷದಿಂದ ಹಾಡು ಕಲಿಸುತ್ತಿದ್ದವನು. ಕಳೆದ ಮಳೆಗಾಲದಲ್ಲಿ ಅವನ ಹೆಂಡತಿ ಸುಗುಣ ಕಾಮಾಲೆಯಾಗಿ ಹೋಗಿಬಿಟ್ಟಳು. ಮಣ್ಣು ಮಾಡಿದ ದಿನದಿಂದ ಅವನು ದೇವಾಲಯದ ಮೆಟ್ಟಿಲು ಹತ್ತಿಲ್ಲ, ಅವಳ ಸಮಾಧಿ ಕಡೆಗೂ ತಲೆ ಹಾಕಿಲ್ಲ. ಈಸ್ಟರ್ ಹಾಡಿಗೆ ಬಾರಪ್ಪ ಎಂದು ಕರೆಯಲು ಹೋದ ನಮ್ಮ ಪಾದ್ರಿ ಅಯ್ಯನವರಿಗೆ, "ನನ್ನ ಪಾಲಿಗೆ ಯಾರೂ ಎದ್ದಿಲ್ಲ" ಎಂದು ಬಾಗಿಲು ಹಾಕಿಕೊಂಡನಂತೆ. ಅದನ್ನು ಕೇಳಿದ ಮೇಲೆ ನನಗೆ ನಿದ್ದೆಯೇ ಇಲ್ಲ. ಸುಗುಣನ ಜೊತೆಗೆ ನನ್ನ ತಮ್ಮನನ್ನೂ ಸಾವಿಗೆ ಕೊಟ್ಟು ಕೂರಬೇಕೇ? ಆಗದು.

ಯೇಸು ಸಾವನ್ನು ಗೆದ್ದು ಎದ್ದ ಈಸ್ಟರ್ ದಿನ ಮುಂಜಾನೆ ನಮ್ಮವರು ಸಮಾಧಿ ಭೂಮಿಯಲ್ಲೇ ಸೇರಿ ಆರಾಧನೆ ಮಾಡುತ್ತಾರೆ. ಹಿಂದಿನ ದಿನ ಸಮಾಧಿಗಳಿಗೆಲ್ಲ ಸುಣ್ಣ ಬಳಿಯುವುದು ರೂಢಿ. ಸುಗುಣನ ಸಮಾಧಿಗೆ ಬಳಿಯುವವರು ಯಾರು? ಅದಕ್ಕೇ ಈ ಬಕೆಟ್.

ಕಂಡಕ್ಟರ್ ಬಟ್ಟೆ ಎತ್ತಿ ನೋಡಿದ. "ಏನಮ್ಮಾ ಇದು, ಮೊಸರಾ?"

"ಸುಣ್ಣ."

"ಯಾರ ಪಂಚೆ ಮೇಲಾದ್ರೂ ಚೆಲ್ಲಿದ್ರೆ?"

"ಬಿಳೀ ಪಂಚೆ ಅಲ್ವೇನಪ್ಪಾ, ಇನ್ನೂ ಬೆಳ್ಳಗಾಗುತ್ತೆ" ಎಂದೆ. ನಕ್ಕು ಟಿಕೆಟ್ ಹರಿದ. ಬಕೆಟ್ಟಿಗೂ ಅರ್ಧ ಚಾರ್ಜು ಹಾಕಿದ, ಅದು ಬೇರೆ ಮಾತು.

ಹೆಬ್ಬಾಳದಲ್ಲಿ ಬಸ್ಸು ಬದಲಿಸಿದೆ. ಏಪ್ರಿಲ್ ಬಿಸಿಲು, ಕೆರೆಯ ಅಂಚು ಒಣಗಿ ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಬುರ್ಖಾ ಹಾಕಿದ ಹೆಂಗಸೊಬ್ಬರು ಕೂತರು, ಆರ್.ಟಿ. ನಗರದವರು. ಸುಣ್ಣ ಯಾತಕ್ಕೆ ಎಂದು ಕೇಳಿದ್ದೇ ಸಾಕು, ಎಲ್ಲ ಹೇಳಿಬಿಟ್ಟೆ. "ಅಯ್ಯೋ ಅಲ್ಲಾ, ಬಹಳ ಪ್ಯಾರ್ ಇತ್ತು ಅನ್ಸುತ್ತೆ ನಿಮ್ ತಮ್ಮಂಗೆ" ಎಂದವರು, ಕೊಡಿಗೇಹಳ್ಳಿ ದಾಟಿ ದ್ರಾಕ್ಷಿ ತೋಟಗಳು ಮುಗಿಯುವವರೆಗೂ ತಮ್ಮ ಎರಡು ಕಾಲಿನ ನಡುವೆ ಬಕೆಟ್ಟನ್ನು ಒತ್ತಿ ಹಿಡಿದಿದ್ದರು. ಒಂದು ತೊಟ್ಟೂ ಚೆಲ್ಲಲಿಲ್ಲ.

ಯಲಹಂಕದ ಮನೆಯಲ್ಲಿ ಜಯಶೀಲ ಗಡ್ಡ ಬಿಟ್ಟುಕೊಂಡು ಮಂಚದ ಮೇಲೆ ಬಿದ್ದಿದ್ದ.

"ಏಳೋ."

"ಎದ್ದು ಏನ್ ಮಾಡ್ಲಿ ಅಕ್ಕ?"

"ಬಕೆಟ್ ಹಿಡ್ಕೋ. ನನ್ನ ಸೊಂಟ ಬಿದ್ದೋಗಿದೆ."

"ಗೇಟ್ ತನಕ ತರ್ತೀನಿ. ಒಳಗೆ ಬಾ ಅಂತ ಮಾತ್ರ ಅನ್ಬೇಡ."

ಹಾಗೇ ಮಾಡಿದ. ಗೇಟಿನಾಚೆ ಹೊಂಗೆ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತ. ಒಳಗೆ ಸುಗುಣನ ಸಮಾಧಿಯ ತುಂಬ ಗರಿಕೆ, ಪಾರ್ಥೇನಿಯಂ. ಕಿತ್ತೆ. ಕುಂಚ ಅದ್ದಿ ಬಳಿಯತೊಡಗಿದೆ. ಬಳಿಯುತ್ತಾ ಬಳಿಯುತ್ತಾ ಸಿಟ್ಟು ನೆತ್ತಿಗೇರಿತು. ಎಂಥ ಹುಡುಗಿ! ಮೂವತ್ತೂ ತುಂಬಿರಲಿಲ್ಲ! "ನೀನೇ ಗೆದ್ದೆ ಅಂತ ತಿಳ್ಕೊಂಡಿದೀಯೇನು?" ಎಂದು ಸಾವಿಗೆ ಬಾಯಿಬಿಟ್ಟೇ ಬೈದೆ. ಆ ಆವೇಶದಲ್ಲೇ ಈಸ್ಟರ್ ಹಾಡು ಶುರುಮಾಡಿದೆ, ಹಲ್ಲೆಲೂಯ ಸಮೇತ, ಗಂಟಲು ಹರಿಯುವಂತೆ.

ಜಯಶೀಲನ ಹಾಡಿನ ಗುಂಪಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ನಲವತ್ತು ದಿನದ ಲೆಂಟ್ ಉಪವಾಸ ಮುಗಿದು ಈಸ್ಟರ್ ಬೆಳಗಾಗುವ ತನಕ ಆ ಹಾಡನ್ನು ಯಾರೂ ಬಾಯಿಬಿಟ್ಟು ಹಾಡಬಾರದು. ಅಭ್ಯಾಸಕ್ಕೂ ಬರೀ ಸ್ವರ, ಮಾತಿಲ್ಲ. ನಾನು ಬೇಕೆಂದೇ ಹಾಡಿದೆ ಎಂದು ಆಮೇಲೆ ಎಲ್ಲರೂ ಅಂದರು. ಇಲ್ಲ ಕಣ್ರೀ, ಸಿಟ್ಟಿನಲ್ಲಿ ದಿನವೇ ಮರೆತುಹೋಗಿತ್ತು.

"ಅಕ್ಕ! ನಿಲ್ಸು! ಇವತ್ತಲ್ಲ, ನಾಳೆ!" ಎಂದು ಕಿರುಚುತ್ತಾ ಅವನು ಗೇಟು ತಳ್ಳಿಕೊಂಡು ಓಡಿ ಬಂದ.

ಬಂದವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ಆಗ ತಿಳಿಯಿತು. ನಾನು ಬಿಡಲಿಲ್ಲ. "ನಾಳೆ ಏನಿದೆಯೋ? ನಿನ್ನ ಪಾಲಿಗೆ ಯಾರೂ ಎದ್ದಿಲ್ವಲ್ಲ?"

ಅವನು ಕುಸಿದು ಕೂತು ಗೊಳೋ ಎಂದು ಅತ್ತ. ನಾನೂ ಅತ್ತೆ. ಎಷ್ಟೋ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, "ಕೊಡಿಲ್ಲಿ, ಅಂಚೆಲ್ಲಾ ಬಿಟ್ಟಿದೀಯ" ಎಂದು ನನ್ನ ಕೈಯಿಂದ ಕುಂಚ ಕಿತ್ತುಕೊಂಡ.

ಭಾನುವಾರ ಬೆಳಕು ಹರಿಯುವ ಮುಂಚೆ ಮೇಣದಬತ್ತಿ ಹಿಡಿದು ಸುಮಾರು ಜನ ಸೇರಿದ್ದರು. ಅಯ್ಯನವರು ಪ್ರಾರ್ಥನೆ ಮುಗಿಸಿ ಸುತ್ತ ನೋಡಿದರು. ಜಯಶೀಲ ಸುಗುಣನ ಸಮಾಧಿಯ ಪಕ್ಕದಿಂದಲೇ ಹಾಡು ಎತ್ತಿದ. ಎರಡನೇ ಸಾಲಿಗೆ ಅಳು ಬಂದು ಹಾಡು ತುಂಡಾಯಿತು. ಅವನ ಮುಖ ನೋಡಲಾರದೆ ಎಲ್ಲರೂ ದನಿ ತಗ್ಗಿಸಿದರು.

ಅವನು ಕೈ ಎತ್ತಿದ. "ನಿಲ್ಸಿ. ಯಾಕೆ ಮೆತ್ತಗೆ ಹಾಡ್ತಿದೀರಾ? ಸತ್ತೋರಿಗೆ ಕೇಳಿಸ್ಬೇಕು. ಮೊದಲಿಂದ!"

ಮೊದಲಿಂದ ಹಾಡಿದೆವು. ಕಣ್ಣೀರು ಸುರಿಸುತ್ತಲೇ ಅವನು ತಾಳ ಹಾಕುತ್ತಿದ್ದ, ಒಂದೂ ತಪ್ಪಲಿಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಹೆಬ್ಬಾಳಕ್ಕೊಂದು ಟಿಕೆಟ್ ಕೇಳಲು ಬಾಯಿ ತೆರೆದರೆ ಅಷ್ಟು ಕೂಗಿ ಹಾಡಿದ್ದಕ್ಕೆ ನನಗೆ ದನಿಯೇ ಹೊರಡಲಿಲ್ಲ.